ನಾಯಿ ಬೆಕ್ಕನ್ನ ಫ್ಲೈಟಲ್ಲಿ ಕರ್ಕೊಂಡು ಹೋಗೋ ಮುಂಚೆ

ಬೆಂಗಳೂರಿಂದ ದಿಲ್ಲಿಗೋ ಮುಂಬೈಗೋ ಹೊರಟಿದ್ರೆ ಟಿಕೆಟ್ ಬುಕ್ ಮಾಡೋಕೆ ಮೊದ್ಲೇ ಏರ್‌ಲೈನ್‌ಗೆ ಫೋನ್ ಮಾಡಿ, ಎಲ್ಲರೂ ಪ್ರಾಣಿ ತಗೊಳಲ್ಲ, ಏರ್ ಇಂಡಿಯಾ, ಆಕಾಸಾ ತಗೊಳ್ತಾರೆ, ತೂಕದ ಲಿಮಿಟ್‌ನಲ್ಲಿ ಪ್ರಾಣಿನ ಕೂರಿಸೋ ಬ್ಯಾಗಿನ ತೂಕನೂ ಸೇರುತ್ತೆ. ರೇಬೀಸ್ ಇಂಜೆಕ್ಷನ್ ಕಾರ್ಡ್, ಪ್ರಾಣಿ ಡಾಕ್ಟರ್ ಕೊಡೋ ಫಿಟ್ನೆಸ್ ಸರ್ಟಿಫಿಕೇಟ್ ಎರಡೂ ಒರಿಜಿನಲ್ ಇಟ್ಕೊಳಿ.

ಮುಖ್ಯವಾದದ್ದು ಆ ಬ್ಯಾಗ್ ಅಭ್ಯಾಸ ಮಾಡಿಸೋದು. ಕೆಲವು ವಾರ ಮುಂಚೆನೇ ಬ್ಯಾಗ್ ತಂದು ಮನೆ ಹಾಲ್‌ನಲ್ಲಿ ಅದರ ಬಾಯಿ ತೆರೆದಿಡಿ, ಒಳಗೆ ನಿಮ್ಮ ಹಳೆ ಟೀ ಶರ್ಟ್ ಹಾಸಿ, ಊಟನೂ ಅಲ್ಲೇ ಕೊಡಿ, ತಾನಾಗೇ ಹೋಗಿ ಮಲಗೋಕೆ ಶುರು ಮಾಡಿದ್ಮೇಲೆ ನಿಧಾನಕ್ಕೆ ಜಿಪ್ ಎಳೀರಿ, ಆಮೇಲೆ ಕಾರಲ್ಲಿ ಒಂದ್ ರೌಂಡ್ ಹಾಕ್ಸಿ.

ಪಗ್ ಥರದ ಚಪ್ಪಟೆ ಮೂಗಿನವಕ್ಕೆ ಉಸಿರಾಟದ ತೊಂದ್ರೆ ಬೇಗ ಆಗುತ್ತೆ, ದಯವಿಟ್ಟು ಕಾರ್ಗೋಗೆ, ಅಂದ್ರೆ ವಿಮಾನದಲ್ಲಿ ಸಾಮಾನು ಇಡೋ ಜಾಗಕ್ಕೆ, ಹಾಕ್ಬೇಡಿ. ನಿದ್ದೆ ಮಾತ್ರೆನೂ ನೀವಾಗೇ ಕೊಡ್ಬೇಡಿ. ಹೊರಡೋ ಮುಂಚೆ ಹೊಟ್ಟೆ ತುಂಬಾ ತಿನ್ನಿಸ್ಬೇಡಿ, ನೀರು ಮಾತ್ರ ಕೊಡ್ತಾ ಇರಿ.