ಶಾಕ್ ಅಬ್ಸಾರ್ಬರ್ ಹೊಸದು, ಸವಾರಿ ಮಾತ್ರ ಎತ್ತಿನ ಗಾಡಿಯದು

ಕಳೆದ ದೀಪಾವಳಿಗೆ ಊರಿಗೆ ಹೊರಡುವ ಮುಂಚೆ ಕಾರಿನ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಬುಶ್ (ಚಕ್ರವನ್ನು ಹಿಡಿಯುವ ಕೆಳತೋಳಿನ ಬುಡದ ರಬ್ಬರು), ಲಿಂಕ್ ರಾಡ್ (ಎಡ ಬಲ ಚಕ್ರಗಳನ್ನು ಜೋಡಿಸುವ ಸರಳಿನ ಕೊಂಡಿ) ಎಲ್ಲ ಹೊಸದು ಹಾಕಿಸಿದೆ. ಹನ್ನೊಂದು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಅದು. ಪುಣೆಯ ಸಿಂಹಗಡ ರಸ್ತೆಯಲ್ಲಿ ದಿನಾ ಓಡಾಡಿ ಮುಂಭಾಗ ಸಡಿಲಾಗಿತ್ತು. ಹೊಸದು ಹಾಕಿಸಿದ ಮೇಲೆ ತೊಟ್ಟಿಲ ಹಾಗೆ ಹೋಗುತ್ತದೆ ಅಂದುಕೊಂಡಿದ್ದೆ. ಗ್ಯಾರೇಜಿನ ಗೇಟು ದಾಟಿ ಮೊದಲ ಸ್ಪೀಡ್ ಬ್ರೇಕರ್ ಹತ್ತಿದೆ ನೋಡಿ, ಹಲ್ಲು ಹಲ್ಲಿಗೆ ಬಡಿಯಿತು.

ವಾಪಸ್ ಹೋಗಿ ಕೇಳಿದೆ. 'ಸಾಹೇಬ್, ನವೀನ್ ಆಹೇ, ಸೆಟ್ ಹೋಈಲ್' ಅಂದರು ಮೆಕ್ಯಾನಿಕ್. ಹೊಸದಲ್ವಾ, ತಾನಾಗಿ ಸರಿಹೋಗುತ್ತದೆ ಅಂತ. ನಂಬಿಕೊಂಡು ಹುಬ್ಬಳ್ಳಿಯ ದಾರಿ ಹಿಡಿದೆ. ನಾನೂರು ಕಿಲೋಮೀಟರಿಗೂ ಜಾಸ್ತಿ ದೂರ. ಸಾತಾರಾ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ ಅವ್ವನ ಪ್ರಶ್ನೆ ಬಂತು: 'ಯಾಕೋ ತಮ್ಮಾ, ಗಾಡಿ ರಿಪೇರಿ ಮಾಡಿಸ್ಕೊಂಡ್ ಬಂದಿಯೋ, ಕೆಡಿಸ್ಕೊಂಡ್ ಬಂದಿಯೋ?'

ಸೆಟ್ ಆಗುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಸತ್ತುಹೋದ ಹಳೆ ಶಾಕ್‌ಗಳ ತೇಲಾಟಕ್ಕೆ ನಮ್ಮ ಬೆನ್ನು ಒಗ್ಗಿರುತ್ತದೆ. ಆಮೇಲೆ ಹೊಸದು ಸ್ವಲ್ಪ ಬಿಗಿ ಅನ್ನಿಸುವುದು ಸಹಜ. ಮೊದಲು ಎಣ್ಣೆಯ ಶಾಕ್ ಇದ್ದು ಈಗ ಗ್ಯಾಸ್ ತುಂಬಿದ್ದು ಹಾಕಿಸಿದ್ದರಂತೂ ಇನ್ನೂ ಬಿಗಿ. ಆದರೆ ಬಿಗಿ ಬೇರೆ, ಪೆಟ್ಟು ಬೇರೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೂ ಸಣ್ಣ ಗುಂಡಿಗೆ ಸೊಂಟಕ್ಕೆ ಪೆಟ್ಟು ಬೀಳುತ್ತಿದ್ದರೆ ಅದು ತಾನಾಗಿ ಸೆಟ್ ಆಗುವುದಿಲ್ಲ. ಇನ್ನೊಂದು ಹೊಸ ಭಾಗ ಕೊಳ್ಳುವ ಮುಂಚೆ, ಹಾಕಿದ್ದನ್ನೇ ಸರಿಯಾಗಿ ಹಾಕಿದ್ದಾರಾ ಅಂತ ನೋಡಬೇಕು. ನಾನು ನೋಡಿದ ಕ್ರಮ ಹೀಗಿದೆ. ದುಡ್ಡು ಖರ್ಚಾಗದ ಕೆಲಸ ಮೊದಲು, ಆಗುವುದು ಆಮೇಲೆ.

ಸದ್ದಿಗೊಂದು ಹೆಸರಿಡಿ

'ಗಾಡಿ ಸರಿಯಿಲ್ಲ' ಅಂದರೆ ಯಾವ ಮೆಕ್ಯಾನಿಕ್‌ಗೂ ಏನೂ ತಿಳಿಯುವುದಿಲ್ಲ. ಸದ್ದುಗಳಿಗೆ ನಮ್ಮ ಭಾಷೆಯಲ್ಲಿ ಮಾತಿಗೇನು ಬರವೇ? ದಡ್, ಕಟಕ್, ಟಂಗ್, ಕಿರ್, ಗಡಗಡ. ಒಂದೊಂದೂ ಒಂದೊಂದು ಜಾಗ ತೋರಿಸುತ್ತದೆ.

ಮನೆ ಹತ್ತಿರ ಒಂದೇ ರಸ್ತೆ ಆರಿಸಿಕೊಳ್ಳಿ. ಪ್ರತಿ ಸಲ ಅದೇ ರಸ್ತೆ, ಅದೇ ವೇಗ. ಮೊದಲು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಎರಡೂ ಚಕ್ರ ಒಟ್ಟಿಗೆ ಏರುವ ಹಾಗೆ ಸ್ಪೀಡ್ ಬ್ರೇಕರ್ ದಾಟಿ. ಆಮೇಲೆ ಎಡ ಚಕ್ರ ಮಾತ್ರ, ಬಲ ಚಕ್ರ ಮಾತ್ರ ಗುಂಡಿಗೆ ಇಳಿಯುವ ಹಾಗೆ ಓಡಿಸಿ. ಪುಣೆಯಲ್ಲಿ ಇಂಥ ಜಾಗ ಹುಡುಕಲು ಕಷ್ಟಪಡಬೇಕಾಗಿಲ್ಲ.

ಎರಡೂ ಚಕ್ರ ಏರಿದಾಗ ಸುಮ್ಮನಿದ್ದು, ಒಂದೇ ಚಕ್ರ ಇಳಿದಾಗ ಕಟಕ್ ಅಂದರೆ ಲಿಂಕ್ ರಾಡ್ ಕಡೆ ಅನುಮಾನ ಪಡಿ. ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿದಾಗಲೇ ಅದಕ್ಕೆ ಕೆಲಸ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಂಗ್ ಅಂದರೆ ಸ್ಪ್ರಿಂಗ್ ತನ್ನ ಜಾಗದಲ್ಲಿ ಕೂತಿಲ್ಲ, ಇಲ್ಲವೇ ಮೇಲಿನ ಬೇರಿಂಗ್ ಹಿಡಿದುಕೊಂಡಿದೆ. ಸಣ್ಣ ಉಬ್ಬಿಗೂ ದಡ್ ಎಂದು ಪೆಟ್ಟು ಬಿದ್ದರೆ ಬಂಪ್ ಸ್ಟಾಪ್, ಅಂದರೆ ಶಾಕ್ ಪೂರ್ತಿ ಒತ್ತಿಕೊಂಡಾಗ ತಡೆಯುವ ರಬ್ಬರಿನ ತುಂಡು. ಸದ್ದೇ ಇಲ್ಲದೆ ರಸ್ತೆಯ ಪ್ರತಿ ಗೀರೂ ಸೀಟಿಗೆ ಬಂದರೆ ಟೈರು ಅಥವಾ ಬುಶ್. ನನ್ನದು ಈ ಕೊನೆಯ ಜಾತಿ. ಜೊತೆಗೆ ಎಲ್ಲಿಂದಲೋ ಒಂದು ಕಟಕ್ ಕೂಡ ಇತ್ತು. ಅದರ ಕತೆ ಆಮೇಲೆ.

ಒಂದು ಎಚ್ಚರಿಕೆ. ಮುಂಬೈ ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಈ ಪರೀಕ್ಷೆ ಮಾಡಬೇಡಿ. ಅದು ಕಾಂಕ್ರೀಟ್ ರಸ್ತೆ, ಹಾಸುಗಳ ನಡುವಿನ ಸಂದು ದಾಟುವಾಗ ಒಳ್ಳೆಯ ಕಾರೂ ಟಕ್ ಟಕ್ ಅನ್ನುತ್ತದೆ.

ಗಾಳಿ ಮತ್ತು ಟೈರು

ನಗಬೇಡಿ, ಮೊದಲು ಗಾಳಿ ನೋಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ ಗ್ಯಾರೇಜಿನ ಹುಡುಗ 'ಇರಲಿ' ಅಂತ ಜಾಸ್ತಿಯೇ ತುಂಬಿರುತ್ತಾನೆ. ನನ್ನ ಟೈರಿನಲ್ಲಿ ಗಾಳಿಯ ಒತ್ತಡ 40 ಪಿಎಸ್‌ಐ ಇತ್ತು. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಸ್ಟಿಕರ್ ಕಾಣುತ್ತದೆ. ಅದರಲ್ಲಿ ಬರೆದದ್ದು 32. ಅಷ್ಟು ಗಾಳಿ ಜಾಸ್ತಿಯಾದರೆ ಟೈರು ಕಲ್ಲಾಗುತ್ತದೆ, ಯಾವ ಶಾಕ್ ಹಾಕಿದರೂ ಪ್ರಯೋಜನವಿಲ್ಲ. ಬೆಳಿಗ್ಗೆ ಕಾರು ಓಡಿಸುವ ಮುಂಚೆ, ಟೈರು ತಣ್ಣಗಿದ್ದಾಗ ಅಳೆಯಿರಿ. ಓಡಿ ಬಿಸಿಯಾದ ಟೈರು ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ.

ಹಾಗೇ ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಸವೆಯದೆ ಚೆನ್ನಾಗಿದ್ದರೂ ಹಳೆ ರಬ್ಬರು ಗಡಸಾಗಿರುತ್ತದೆ.

ಗಾಳಿ ಇಳಿಸಿದ ಮೇಲೆ ನನಗೆ ನಾಲ್ಕಾಣೆಯಷ್ಟು ನೆಮ್ಮದಿ ಸಿಕ್ಕಿತು. ಹನ್ನೆರಡಾಣೆ ಬಾಕಿ.

ಟೇಪ್ ಹಿಡಿದು ಅಳೆಯಿರಿ

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರಿನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ನಾಲ್ಕೂ ಚಕ್ರದ ಅಳತೆ ಬರೆದಿಡಿ, ಮುಂದೆ ಬೇಕಾಗುತ್ತದೆ.

ಎಡ ಬಲಕ್ಕೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ, ಅಥವಾ ಒಂದು ಕಡೆ ಬೇರೆ ಸ್ಪ್ರಿಂಗ್ ಬಂದಿದೆ. ಎರಡೂ ಕಡೆ ಮೊದಲಿಗಿಂತ ಎತ್ತರವಾಗಿ ಮೂತಿ ಎತ್ತಿಕೊಂಡು ನಿಂತಿದ್ದರೆ ಬೇರೆ ಅನುಮಾನ: ಡೀಸೆಲ್ ಕಾರಿನ ಸ್ಪ್ರಿಂಗ್. ಒಂದೇ ಮಾಡೆಲ್ ಆದರೂ ಡೀಸೆಲ್ ಎಂಜಿನ್ ಭಾರ, ಅದಕ್ಕೆ ಹಾಕುವ ಸ್ಪ್ರಿಂಗ್ ಗಡಸು. ಪುಣೆಯ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಬರೀ ಮಾಡೆಲ್ ಹೆಸರು ಹೇಳಿದರೆ ಸಾಲದು. ಪೆಟ್ರೋಲೋ ಡೀಸೆಲೋ, ಯಾವ ವರ್ಷದ್ದು, ಎಡವೋ ಬಲವೋ ಎಲ್ಲ ಹೇಳಿ. ಡಬ್ಬದ ಮೇಲಿನ ಪಾರ್ಟ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಪ್ರಿಂಗಿನ ಮೇಲೆ ಬಣ್ಣದ ಚುಕ್ಕೆಗಳಿರುತ್ತವಲ್ಲ, ಅದು ಅಲಂಕಾರವಲ್ಲ, ಅದರ ಗುರುತು. ಹಳೆಯದರ ಚುಕ್ಕೆ ಇನ್ನೂ ಉಳಿದಿದ್ದರೆ ಹೊಸದರ ಜೊತೆ ಹೋಲಿಸಿ.

ಅಳತೆ ಕಡಿಮೆ ಬಂದರೆ ಹಳೆ ಸ್ಪ್ರಿಂಗ್ ಕುಸಿದಿದೆ. ಶಾಕ್ ಮಾತ್ರ ಬದಲಿಸಿ ದಣಿದ ಸ್ಪ್ರಿಂಗ್ ಅಲ್ಲೇ ಬಿಟ್ಟರೆ ಕಾರು ಬಂಪ್ ಸ್ಟಾಪಿನ ಮೇಲೇ ಕೂತಿರುತ್ತದೆ, ಸಣ್ಣ ಗುಂಡಿಗೂ ದಡ್. ಶಾಕಿನ ಹೊಳೆಯುವ ರಾಡ್ ಕೈಗೆ ಸಿಗುವಂತಿದ್ದರೆ ಅದರ ಬುಡಕ್ಕೆ ಪ್ಲಾಸ್ಟಿಕ್ ಟ್ಯಾಗ್ ಒಂದನ್ನು ಸಡಿಲವಾಗಿ ಕಟ್ಟಿ ಒಂದು ಸುತ್ತು ಓಡಿಸಿ ಬನ್ನಿ. ಟ್ಯಾಗು ಮೇಲೆ ಸರಿದು ಬಂಪ್ ಸ್ಟಾಪಿಗೆ ತಾಗಿ ನಿಂತಿದ್ದರೆ ಶಾಕಿಗೆ ಇಳಿಯಲು ಜಾಗ ಸಾಲುತ್ತಿಲ್ಲ.

ಗಾಳಿಯಲ್ಲಿ ಬಿಗಿದ ನಟ್

ನನ್ನ ಕಾರಿನ ಅಳತೆ ಎರಡೂ ಕಡೆ ಸಮ, ಪಾರ್ಟ್ ನಂಬರ್ ಸರಿ. ಹಾಗಾದರೆ? ಇಲ್ಲಿಗೆ ಬರುವಷ್ಟರಲ್ಲಿ ನಾನು ಎರಡು ವಾರ ಕಳೆದಿದ್ದೆ. ನೀವು ಕಳೆಯಬೇಡಿ.

ಲೋವರ್ ಆರ್ಮ್ ಬುಶ್ ಅಂದರೆ ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರು. ನಟ್ ಬಿಗಿದಾಗ ಒಳಗಿನ ಕೊಳವೆ ಕಾರಿನ ಚಾಸಿಗೆ, ಅಂದರೆ ಚೌಕಟ್ಟಿಗೆ, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದು ಮತ್ತೆ ತಿರುಗುವುದಿಲ್ಲ. ಚಕ್ರ ಏರಿಳಿದಾಗ ತಿರುಚಿಕೊಳ್ಳುವುದು ರಬ್ಬರು ಮಾತ್ರ. ಹಾಗಾಗಿ ನಟ್ ಬಿಗಿದ ಗಳಿಗೆಯಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ಆರಾಮದ ಜಾಗ.

ಈಗ ಗ್ಯಾರೇಜನ್ನು ನೆನೆಸಿಕೊಳ್ಳಿ. ಹೆಚ್ಚಿನ ಕಡೆ ಎರಡು ಕಂಬದ ಲಿಫ್ಟ್. ಕಾರು ಮೇಲೆ, ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿವೆ, ಆರ್ಮ್ ಕೆಳಕ್ಕೆ ಜೋತುಬಿದ್ದಿದೆ. ಆ ಸ್ಥಿತಿಯಲ್ಲೇ ನಟ್ ಬಿಗಿಯುವ ಗನ್ ಹಿಡಿದು ಗರ್ರ್ ಅಂತ ಬಿಗಿದುಬಿಟ್ಟರೆ ರಬ್ಬರಿಗೆ ಅದೇ ಆರಾಮದ ಸ್ಥಿತಿ. ಕಾರು ಕೆಳಗಿಳಿದು ತನ್ನ ಭಾರ ಹೊತ್ತ ಕೂಡಲೇ ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಸುಮ್ಮನೆ ನಿಂತಾಗಲೂ ಅದು ಹಿಂದಕ್ಕೆ ಬರಲು ಒದ್ದಾಡುತ್ತಿರುತ್ತದೆ, ಯಾರೂ ಕೇಳದ ಇನ್ನೊಂದು ಸ್ಪ್ರಿಂಗಿನ ಹಾಗೆ. ಅದಕ್ಕೇ ಸವಾರಿ ಬಿಗಿ. ಹಾಗೇ ಬಿಟ್ಟರೆ ಹೊಸ ಬುಶ್ ಬೇಗ ಹರಿದು ಹೋಗುತ್ತದೆ. ಹರಿದ ಮೇಲೆ ಮೆತ್ತಗಾಗುತ್ತದೆ ನೋಡಿ, 'ಸೆಟ್ ಹೋಈಲ್' ಮಾತು ನಿಜವಾಗುವುದು ಹೀಗೂ ಇರಬಹುದು!

ಪರಿಹಾರಕ್ಕೆ ಹೊಸ ಭಾಗ ಬೇಡ. ಆ ಬೋಲ್ಟುಗಳನ್ನು ಸಡಿಲಿಸಿ, ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗ ಕುಲುಕಿ, ಮತ್ತೆ ಬಿಗಿಯಬೇಕು ಅಷ್ಟೆ. ಕೆಲಸ ಮಾಡಲು ಒಳ್ಳೆಯ ಜಾಗ ಅಂದರೆ ವೀಲ್ ಅಲೈನ್‌ಮೆಂಟ್ ಅಂಗಡಿ. ಅಲ್ಲಿಯ ರಾಂಪಿನ ಮೇಲೆ ಕಾರು ಚಕ್ರದ ಮೇಲೇ ನಿಲ್ಲುತ್ತದೆ, ಕೆಳಗೆ ಕೈ ಹಾಕಲೂ ಬರುತ್ತದೆ. ಹಳೆ ಕಾಲದ ಗುಂಡಿ ಇರುವ ಗ್ಯಾರೇಜಾದರೂ ಸರಿ. ಎರಡು ಕಂಬದ ಲಿಫ್ಟೇ ಗತಿಯಾದರೆ ಆರ್ಮಿನ ಹೊರತುದಿಗೆ ಜಾಕ್ ಕೊಟ್ಟು ಎತ್ತಿಸಿ. ಎಷ್ಟು ಎತ್ತಬೇಕು? ನೀವು ಬರೆದಿಟ್ಟ ಚಕ್ರ ಫೆಂಡರ್ ಅಳತೆ ಬರುವವರೆಗೆ. ಆಮೇಲೆ ಕಂಪನಿ ಹೇಳಿದ ಲೆಕ್ಕಕ್ಕೆ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಮರಾಠಿ ತಡವರಿಸುವವರು ಇದೊಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: 'ದಾದಾ, ಗಾಡಿ ಚಾಕಾಂವರ್ ಉಭೀ ಅಸ್ತಾನಾ ಬುಶ್ ಟೈಟ್ ಕರಾ.' ಗಾಡಿ ಚಕ್ರದ ಮೇಲೆ ನಿಂತಿರುವಾಗ ಬುಶ್ ಬಿಗಿಯಿರಿ ಅಂತ. ನಾನು ಹೇಳಿದಾಗ ಆತ ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಮಾತಿಲ್ಲದೆ ಪಾನಾ ಎತ್ತಿಕೊಂಡರು.

ಎಲ್ಲ ಬೋಲ್ಟಿಗೂ ಈ ನಿಯಮವಿಲ್ಲ. ಶಾಕನ್ನು ಚಕ್ರದ ನಕಲ್‌ಗೆ (ಚಕ್ರ ಕೂರುವ ಲೋಹದ ತುಂಡು) ಹಿಡಿಯುವ ಎರಡು ದಪ್ಪ ಬೋಲ್ಟು, ಬಾಲ್ ಜಾಯಿಂಟ್ ಇರುವ ಲಿಂಕ್ ರಾಡ್ ಇವನ್ನು ನೇತಾಡುವಾಗಲೂ ಬಿಗಿಯಬಹುದು. ರಬ್ಬರು ತಿರುಚುವ ಜಾಗ ಮಾತ್ರ ಮುಖ್ಯ: ಲೋವರ್ ಆರ್ಮ್, ಹಿಂದಿನ ಆಕ್ಸಲ್ ಬುಶ್, ಹಿಂದಿನ ಶಾಕಿನ ಕೆಳಗಿನ ಕಣ್ಣು, ಅಂದರೆ ಬೋಲ್ಟು ತೂರುವ ಬಳೆ.

ಮೇಲ್ಭಾಗ

ಟಂಗ್ ಸದ್ದು ಇರುವವರಿಗೆ ಇದು. ಒಬ್ಬರು ಸ್ಟೀರಿಂಗ್ ತಿರುಗಿಸಲಿ, ನೀವು ಸ್ಪ್ರಿಂಗಿನ ಹೊರಮೈಗೆ ಬೆರಳ ತುದಿ ಮುಟ್ಟಿಸಿ. ಸುರುಳಿಗಳ ನಡುವೆ ಬೆರಳು ತೂರಿಸಬೇಡಿ. ಸ್ಪ್ರಿಂಗ್ ನುಣ್ಣಗೆ ತಿರುಗದೆ ತಡೆದು ತಡೆದು ಜಿಗಿದರೆ ಮೇಲಿನ ಮೌಂಟಿಂಗ್ ಅಥವಾ ಬೇರಿಂಗ್ ಹಳೆಯದನ್ನೇ ಹಾಕಿದ್ದಾರೆ ಎಂದು ಲೆಕ್ಕ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ವಾಪಸ್ ಬರದಿರುವುದೂ ಅದರದೇ ಗುರುತು. ಸ್ಪ್ರಿಂಗಿನ ಕೆಳತುದಿ ತಟ್ಟೆಯಲ್ಲಿರುವ ಮೆಟ್ಟಿಲಿಗೆ ತಾಗಿ ಕೂತಿದೆಯೇ ಅಂತಲೂ ಟಾರ್ಚ್ ಬಿಟ್ಟು ನೋಡಿ.

ನೋಡಿ, ಆದರೆ ಬಿಚ್ಚಬೇಡಿ. ಶಾಕಿನ ನಡುವಿನ ಮೇಲಿನ ನಟ್, ಒತ್ತಿಹಿಡಿದ ಸ್ಪ್ರಿಂಗನ್ನು ತಡೆದು ಕೂತಿರುತ್ತದೆ. ಸ್ಪ್ರಿಂಗ್ ಒತ್ತಿಹಿಡಿಯುವ ಕಂಪ್ರೆಸರ್ ಇಲ್ಲದೆ ಅದನ್ನು ತೆಗೆದರೆ ಸ್ಪ್ರಿಂಗ್ ಗುಂಡಿನ ಹಾಗೆ ಹಾರುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದೂ ಬೇಡ.

ಅಲೈನ್‌ಮೆಂಟ್ ಕೊನೆಗೆ

ಗಾಡಿ ಗಡಸು ಅಂದ ಕೂಡಲೇ 'ಅಲೈನ್‌ಮೆಂಟ್ ಮಾಡಿಸಿ' ಅನ್ನುವವರು ಬಹಳ. ಅದರಿಂದ ಗಡಸು ಹೋಗುವುದಿಲ್ಲ. ಕಾರು ಒಂದು ಕಡೆ ಎಳೆಯುವುದು, ಸ್ಟೀರಿಂಗ್ ಸೊಟ್ಟಗಿರುವುದು, ಟೈರು ಒಂದೇ ಬದಿ ಸವೆಯುವುದು ಇವಕ್ಕೆ ಅದು ಬೇಕು. ಶಾಕ್ ಬಿಚ್ಚಿದ ಮೇಲೆ ಮಾಡಿಸಲೇಬೇಕು ಕೂಡ. ಆದರೆ ಬುಶ್ ಮತ್ತೆ ಬಿಗಿಸಿದ ನಂತರ ಮಾಡಿಸಿ, ಇಲ್ಲದಿದ್ದರೆ ಎರಡು ಸಲ ದುಡ್ಡು.

ನಾನು ಎರಡೂ ಕೆಲಸ ಒಂದೇ ರಾಂಪಿನ ಮೇಲೆ ಮುಗಿಸಿದೆ. ಗೇಟಿನ ಮುಂದಿನ ಅದೇ ಸ್ಪೀಡ್ ಬ್ರೇಕರ್ ದಾಟಿದೆ, ಮೆತ್ತಗೆ ಇಳಿಯಿತು. ಆದರೆ ಆ ಕಟಕ್ ಹಾಗೇ ಇತ್ತು! ಲಿಂಕ್ ರಾಡ್ ಮತ್ತೆ ಅಲುಗಿಸಿ ನೋಡಿದೆವು, ಬಾಲ್ ಜಾಯಿಂಟ್ ನೋಡಿದೆವು. ಎಲ್ಲ ಗಟ್ಟಿ. ಕೊನೆಗೆ ಮೆಕ್ಯಾನಿಕ್ ಡಿಕ್ಕಿ ತೆಗೆಸಿದರು. ಮ್ಯಾಟಿನ ಕೆಳಗೆ, ಸ್ಟೆಪ್ನಿಯ ಪಕ್ಕ, ಯಾರೋ ಬಳಸಿ ಕ್ಲಿಪ್ಪಿಗೆ ಸಿಕ್ಕಿಸದೆ ಬಿಟ್ಟ ಜಾಕ್ ಹೊರಳಾಡುತ್ತಿತ್ತು.