ಹಡಗು ಚಿಕ್ಕದಿದ್ದರೆ ದಡ ಹತ್ತಿರ

ರಂಗನತಿಟ್ಟಿನ ದೋಣಿಯಲ್ಲಿ ಒಂದು ಗಳಿಗೆ ಬರುತ್ತದೆ. ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾನೆ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ಅಲ್ಲಿಯವರೆಗೆ ಗಲಾಟೆ ಮಾಡುತ್ತಿದ್ದವರೆಲ್ಲ ಗಪ್‌ಚಿಪ್. ಇಂಥದ್ದೇ ಗಳಿಗೆಗಾಗಿ ಅಂಟಾರ್ಕ್ಟಿಕಾಕ್ಕೋ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳಿಗೋ ಚಿಕ್ಕ ಹಡಗಿನಲ್ಲಿ ಹೋಗುವುದಕ್ಕೆ ಎಕ್ಸ್‌ಪೆಡಿಷನ್ ಕ್ರೂಸ್ ಎನ್ನುತ್ತಾರೆ.

ಕುವೆಂಪುನಗರದ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಎರಡು ಬ್ರೋಷರ್ ಹಿಡಿದು ಬಂದರು. "ಎರಡೂ ಅಂಟಾರ್ಕ್ಟಿಕಾನೇ. ಒಂದಕ್ಕೆ ಅರ್ಧ ದುಡ್ಡು. ಯಾಕಪ್ಪಾ?"

"ಅರ್ಧ ದುಡ್ಡಿನದು ದಡಕ್ಕೆ ಇಳಿಸೋದೇ ಇಲ್ಲ ಮೇಷ್ಟ್ರೇ."

ಮೊದಲು ತಲೆ ಎಣಿಸಿ

ಅಂಟಾರ್ಕ್ಟಿಕಾಕ್ಕೆ ಜನರನ್ನು ಕರೆದೊಯ್ಯುವ ಕಂಪನಿಗಳು 1991ರಲ್ಲಿ ಕಟ್ಟಿಕೊಂಡ ಒಕ್ಕೂಟ ಐಎಎಟಿಒ. ಅದರ ನಿಯಮದಂತೆ 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ. ಒಂದು ಜಾಗದಲ್ಲಿ ಏಕಕಾಲಕ್ಕೆ 100 ಜನ ಮಾತ್ರ ದಡದಲ್ಲಿರಬಹುದು. ಹಡಗಿನಲ್ಲಿ 100 ಜನರಿದ್ದರೆ ಎಲ್ಲರೂ ಒಟ್ಟಿಗೆ ಇಳಿಯಬಹುದು. 400 ಜನರಿದ್ದರೆ ನಾಲ್ಕು ಪಾಳಿ. ಮಿಕ್ಕ ಹೊತ್ತು ಕಿಟಕಿಯಿಂದ ಪೆಂಗ್ವಿನ್ ನೋಡುತ್ತಾ ಕಾಫಿ. ಹಾಗಾಗಿ ಏಜೆಂಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಕೋಣೆ ಎಷ್ಟು ದೊಡ್ಡದು ಎಂಬುದಲ್ಲ, ಜನ ಎಷ್ಟು ಎಂಬುದು.

ಚಳಿ ಆಗದವರು ಗ್ಯಾಲಪಗೋಸ್ ನೋಡಬಹುದು. ಅಲ್ಲಿ ಹಡಗಿಗೆ 100 ಪ್ರಯಾಣಿಕರೇ ಮಿತಿ, ಹದಿನಾರು ಜನಕ್ಕೊಬ್ಬ ಪರವಾನಗಿ ಪಡೆದ ಗೈಡ್.

ಆಮೇಲೆ ದಿನ ಎಣಿಸಿ

ಅಂಟಾರ್ಕ್ಟಿಕಾದ ಬ್ರೋಷರ್‌ನಲ್ಲಿ ಹತ್ತು ದಿನ ಎಂದಿದ್ದರೆ ಹತ್ತೂ ದಿನ ಹಿಮವಲ್ಲ. ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಡ್ರೇಕ್ ಜಲಸಂಧಿ ದಾಟಲು ಹೋಗುವಾಗ ಸುಮಾರು ಎರಡು ದಿನ, ಬರುವಾಗ ಎರಡು ದಿನ. ಹತ್ತಿ ಇಳಿಯುವ ದಿನಗಳನ್ನೂ ಕಳೆದರೆ ಉಳಿಯುವುದು ನಾಲ್ಕೈದು. ಸೀಸನ್ ನವೆಂಬರ್‌ನಿಂದ ಮಾರ್ಚ್‌ವರೆಗೆ. ಪೆಂಗ್ವಿನ್ ಮರಿ ನೋಡುವ ಆಸೆಯಿದ್ದರೆ ಜನವರಿ, ತಿಮಿಂಗಿಲಕ್ಕೆ ಫೆಬ್ರುವರಿ-ಮಾರ್ಚ್. ಉಶುವಾಯಾಕ್ಕೆ ಒಂದು ದಿನ ಮೊದಲೇ ಹೋಗಿ ಮಲಗಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ಡ್ರೇಕ್ ಹೊಟ್ಟೆ ತೊಳಸುವ ಜಾಗ. ಕೋಣೆ ಕೆಳ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಕೇಳಿ. ಅಲ್ಲಿ ತೂಗಾಟ ಕಡಿಮೆ, ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ಮಾತ್ರೆಯ ವಿಷಯ ಇಲ್ಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಿ. ಅದನ್ನು ವಾಂತಿ ಶುರುವಾಗುವ ಮುಂಚೆ ನುಂಗಬೇಕು.

ಇಳಿಯುವುದನ್ನು ಕಲಿಯಿರಿ

ಹಡಗು ದಡಕ್ಕೆ ತಾಗುವುದಿಲ್ಲ. ಜೋಡಿಯಾಕ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಏರಿಳಿಯುತ್ತಿರುತ್ತದೆ. ಕೆಳಗಿನವರು ಕೈ ಚಾಚಿದರೆ ಅಂಗೈ ಕೊಡಬೇಡಿ, ಜಾರುತ್ತದೆ. ನೀವು ಅವರ ಮುಂಗೈ ಹಿಡಿಯಿರಿ, ಅವರು ನಿಮ್ಮದನ್ನು ಹಿಡಿಯುತ್ತಾರೆ. ದಡದ ಬಳಿ ದೋಣಿಯ ಅಂಚಿನ ಮೇಲೆ ಕೂತು, ಕಾಲುಗಳನ್ನು ಹೊರಗೆ ತಿರುಗಿಸಿ, ಮೊಣಕಾಲುದ್ದದ ತಣ್ಣೀರಿಗೆ ಇಳಿಯಬೇಕಾಗಬಹುದು. ನೀರಿಳಿಯದ ಪ್ಯಾಂಟು ಬೂಟಿನ ಹೊರಗಿರಲಿ. ಒಳಗೆ ಸಿಕ್ಕಿಸಿದಿರೋ, ಬೂಟು ಚೊಂಬಾಗುತ್ತದೆ.

ಇದಕ್ಕೆ ಜಿಮ್ ಏನೂ ಬೇಡ. ಚಾಮುಂಡಿ ಬೆಟ್ಟದ ಮೆಟ್ಟಿಲಿದೆಯಲ್ಲ? ನಂದಿಯವರೆಗೆ ಹತ್ತಿ, ಮುಖ್ಯವಾಗಿ ಇಳಿಯಿರಿ. ಪರೀಕ್ಷೆ ಮಂಡಿಗೆ.

ಉತ್ತರಾಣಿ ಕಾಟ

ಇಳಿಯುವ ಮೊದಲು ಹಡಗಿನಲ್ಲಿ ಬಟ್ಟೆ ತಪಾಸಣೆ ನಡೆಯುತ್ತದೆ. ಜೇಬು, ಬ್ಯಾಗಿನ ಹೊಲಿಗೆ, ವೆಲ್‌ಕ್ರೋ ಪಟ್ಟಿ ಎಲ್ಲಕ್ಕೂ ವ್ಯಾಕ್ಯೂಮ್ ಕ್ಲೀನರ್. ಹೊರಗಿನ ಒಂದು ಬೀಜವೂ ಅಲ್ಲಿ ಬೀಳಬಾರದು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡಿದ ಪ್ಯಾಂಟಿನ ಮಡಿಕೆ ಬಿಚ್ಚಿ ನೋಡಿ: ಉತ್ತರಾಣಿ ಬೀಜ ಎರಡಾದರೂ ಅಂಟಿರುತ್ತದೆ. ಮಂಡ್ಯದ ಗದ್ದೆ ಬದು ತುಳಿದ ಶೂ ಆದರಂತೂ ಅಡಿಯ ಗೀರುಗಳಲ್ಲಿ ಕಾವೇರಿ ಮಣ್ಣೇ ಇರುತ್ತದೆ. ಮನೆಯಲ್ಲೇ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಕೂತರೆ ಅರ್ಧ ದಿನದ ಕೆಲಸ.

ದಡದಲ್ಲಿ ಪೆಂಗ್ವಿನ್‌ನಿಂದ 5 ಮೀಟರ್ ದೂರ ನಿಲ್ಲಬೇಕು. ನೆಲದ ಮೇಲೆ ಕೂರುವಂತಿಲ್ಲ; ಕಾರಣ ಹಕ್ಕಿಜ್ವರ. 2017ರ ಜನವರಿಯಲ್ಲಿ ಅದೇ ಹಕ್ಕಿಜ್ವರಕ್ಕೆ ನಮ್ಮ ಮೈಸೂರು ಮೃಗಾಲಯ ಬಾಗಿಲು ಹಾಕಿದ್ದನ್ನು ಕಂಡವರಿಗೆ ಇದರಲ್ಲಿ ಅತಿರೇಕ ಕಾಣಿಸದು.

ದುಡ್ಡು, ಕಾಗದ

ಒಬ್ಬರಿಗೆ ಐದಾರು ಸಾವಿರ ಡಾಲರ್‌ಗಿಂತ ಕಡಿಮೆಗೆ ಇಂಥ ಹಡಗು ಸಿಗುವುದು ಅಪರೂಪ, ವಿಮಾನದ ಟಿಕೆಟ್ ಬೇರೆ. ಒಬ್ಬರೇ ಹೋಗುವುದಾದರೆ ಕೋಣೆ ಹಂಚಿಕೊಳ್ಳಲು ಒಪ್ಪಿ, ಇಲ್ಲದಿದ್ದರೆ ಹೆಚ್ಚಿನ ಬಾಡಿಗೆ ಬೀಳುತ್ತದೆ. ಏಜೆಂಟರು ಪ್ಯಾಕೇಜಿನ ಬೆಲೆಯ ಮೇಲೆ ವಸೂಲಿ ಮಾಡುವ ಟಿಸಿಎಸ್ ತೆರಿಗೆಯನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು, ರಸೀದಿ ಇಟ್ಟುಕೊಳ್ಳಿ. ವಿಮೆಯಲ್ಲಿ ತುರ್ತಾಗಿ ರೋಗಿಯನ್ನು ಸಾಗಿಸುವ ವೆಚ್ಚ ಸೇರಿದೆಯೇ ಎಂದು ಎರಡು ಸಲ ಓದಿ. ಹಡಗಿನಲ್ಲಿ ವೈದ್ಯರಿರುತ್ತಾರೆ, ಆಸ್ಪತ್ರೆ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮೇಷ್ಟ್ರ ಮನೆಯವರು ಕೇಳಿದ್ದು ಒಂದೇ ಮಾತು: "ಊಟಕ್ಕೆ?" ಸಸ್ಯಾಹಾರ ಸಿಗುತ್ತದಮ್ಮ. ಆದರೆ ಬುಕಿಂಗ್ ಫಾರಂನಲ್ಲೇ ಬರೆದುಬಿಡಿ. ಉಶುವಾಯಾ ಬಿಟ್ಟ ಮೇಲೆ ಬೇಳೆ ತರಲು ದೇವರಾಜ ಮಾರುಕಟ್ಟೆ ಇಲ್ಲ.