ಎರಡು ವೀಕ್‌ಗಳ ಪಾಠ

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ರಜಾ ಅರ್ಜಿ ತಂದುಕೊಟ್ಟಳು. ಜ್ವರ ಬಂದು ತುಂಬಾ ವೀಕ್ ಆಗಿದ್ದೇನೆ ಅಂತ ಇಂಗ್ಲಿಷಿನಲ್ಲಿ ಬರೆದಿದ್ದಳು. ಆದರೆ ಆ ವೀಕ್‌ಗೆ ಎರಡು ಇ ಹಾಕಿದ್ದಳು. ಅದು ವಾರ. ನಿಶ್ಶಕ್ತಿಯ ವೀಕ್‌ಗೆ ಇ ಆದಮೇಲೆ ಎ ಬರಬೇಕು. ನನಗೆ ಬೇಜಾರಾಯಿತು. ಅದೇ ಜೋಡಿಯನ್ನು ಬಾಯಿಪಾಠ ಮಾಡಿಸಿ ಟೆಸ್ಟ್ ಕೊಟ್ಟಾಗ ಅವಳಿಗೆ ಹತ್ತಕ್ಕೆ ಹತ್ತು ಬಂದಿತ್ತು.

ಹೀಗೆ ಒಂದೇ ಥರ ಕೇಳಿಸಿ ಬೇರೆ ಬೇರೆ ಬರೆಯುವ ಪದಗಳ ಪಟ್ಟಿ ಉರು ಹೊಡೆಸುವುದನ್ನು ಅವತ್ತೇ ಬಿಟ್ಟೆ. ಜೋಡಿಯನ್ನು ಅಕ್ಕಪಕ್ಕ ಇಟ್ಟು ಕಲಿಸಿದರೆ ತಲೆಯಲ್ಲಿ ಎರಡೂ ಕಲಸಿಹೋಗುತ್ತವೆ. ಈಗ ಪ್ರತಿ ಪದವನ್ನೂ ಅದರ ನೆಂಟರ ಜೊತೆ ಕಲಿಸುತ್ತೇನೆ. ಎರಡು ಅನ್ನೋ ಟೂ ಒಳಗೆ ಡಬ್ಲ್ಯು ಯಾಕಿದೆ? ಟ್ವೆಲ್ವ್, ಟ್ವೆಂಟಿ, ಟ್ವಿನ್ ಅಂತ ಹೇಳಿಸಿದರೆ ಅದು ಕಿವಿಗೇ ಕೇಳಿಸುತ್ತದೆ. ಕೇಳಿಸಿಕೊಳ್ಳುವ ಹಿಯರ್ ಒಳಗೆ ಕಿವಿಯೇ, ಅಂದರೆ ಇಯರ್ ಇದೆ. ಡಿಕ್ಟೇಶನ್ ಪೂರ್ತಿ ವಾಕ್ಯದಲ್ಲೇ. ಬಿಡಿ ಪದ ಕೊಟ್ಟರೆ "ಯಾವುದು ಮಿಸ್?" ಅಂತ ಅವರೇ ಕೇಳುತ್ತಾರೆ.

"ಒಂದೇ ಥರ ಹೇಳೋದಾದ್ರೆ ಬೇರೆ ಬೇರೆ ಯಾಕೆ ಬರೀಬೇಕು ಮಿಸ್?" ಅಂತ ಒಬ್ಬ ಕೇಳಿದ. ಎಷ್ಟು ಒಳ್ಳೇ ಪ್ರಶ್ನೆ! ಒಂದು ಕಾಲಕ್ಕೆ ಹೇಳುತ್ತಿದ್ದುದೂ ಬೇರೆ ಬೇರೆಯೇ. ಕುದುರೆ ಸವಾರ ಯೋಧನ ನೈಟ್‌ನಲ್ಲಿ ಮುಂದಿನ ಕೆ ಬಾಯಲ್ಲೂ ಇತ್ತು, ರಾತ್ರಿಯ ನೈಟ್‌ನಲ್ಲಿ ಇರಲಿಲ್ಲ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಆಮೇಲೆ ಬರಹ ನಿಧಾನವಾಗಿ ನೆಲೆ ನಿಂತಿತು, ಮಾತು ಮುಂದಕ್ಕೆ ಹೋಯಿತು.

ನಮ್ಮಲ್ಲೂ ಹೀಗಾಗಿದೆ ಅಂತ ಬೋರ್ಡಿನ ಮೇಲೆ 'ಕರೆ' ಅಂತ ಬರೆದೆ. ಅಮ್ಮ ಹಸು ಕರೀತಾಳೆ, ಅಮ್ಮ ನನ್ನನ್ನ ಕರೀತಾಳೆ. ಹಳಗನ್ನಡದಲ್ಲಿ ಹಾಲು ಕರೆಯುವುದಕ್ಕೆ ಱ ಅನ್ನೋ ಬೇರೆಯೇ ಅಕ್ಷರ ಇತ್ತು. ಎರಡರ ಉಚ್ಚಾರ ಒಂದಾದ ಮೇಲೆ ನಾವು ಆ ಅಕ್ಷರವನ್ನೇ ಬಿಟ್ಟೆವು. ಇಂಗ್ಲಿಷಿನವರು ಹಳೇದನ್ನು ಉಳಿಸಿಕೊಂಡರು. ಮನೆಯಲ್ಲಿ ಹಸು ಇರುವ ಮಕ್ಕಳ ಮುಖ ಅರಳಿದ್ದನ್ನು ನೋಡಬೇಕಿತ್ತು!

ಇನ್ನೂ ಒಂದು ತೊಡಕು ಉಳಿದಿದೆ. ಒದ್ದೆ ಅನ್ನೋ ವೆಟ್, ದನದ ಡಾಕ್ಟರ್ ವೆಟ್, ಇವೂ ಒಂದೇ ಅಂತ ಮಕ್ಕಳು ಪಟ್ಟಿಗೆ ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ಅವು ಒಂದೇ ಅಲ್ಲ. ನಮ್ಮ ವ ಎರಡನ್ನೂ ಒಂದು ಮಾಡುತ್ತದೆ, ಅಷ್ಟೇ. ಡಾಕ್ಟರಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಒದ್ದೆಗೆ ತುಟಿ ದುಂಡಗಾಗಬೇಕು. ದಿನಾ ಐದು ನಿಮಿಷ ಅದನ್ನೇ ಹೇಳಿಸುತ್ತಿದ್ದೇನೆ.